ಬಾಗಿಲಿಗೆ ಅಳತೆ ಬರೆಯದವರಿಗೆ

ಕಡಲಗೋಡೆ,
ಹದಿಮೂರನೆಯ ತಿಂಗಳ ಇಪ್ಪತ್ತೆಂಟು, ೨೪೧೭

ಹೆಸರು ತಿಳಿಯದ ಹಿರಿಯರೇ,

ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಿಂದ ಈ ನಾಲ್ಕು ನೂರು ವರ್ಷದಲ್ಲಿ ಭಾಷೆ ಸವೆದಿದೆ, ನನ್ನ ತಾಳ್ಮೆಯೂ ಸವೆದಿದೆ. ನೀವು ಫರ್ಮ್‌ವೇರ್ ಎನ್ನುವುದನ್ನು ನಾವು ಒಳಬರಹ ಎನ್ನುತ್ತೇವೆ: ಯಂತ್ರ ಹುಟ್ಟುವಾಗಲೇ ಅದರ ಚಿಪ್‌ನಲ್ಲಿ ಬರೆದಿಟ್ಟ ಬುದ್ಧಿ. ನಮ್ಮೂರನ್ನು ಸಮುದ್ರದಿಂದ ಕಾಯುವ ಗೋಡೆಯ ಬಾಗಿಲುಗಳಲ್ಲಿ ಇಂದಿಗೂ ನಿಮ್ಮ ಒಳಬರಹವೇ ಇದೆ.

ನಾನು ಮಾಸ್ತಮ್ಮ, ಏಳನೆಯ ಬಾಗಿಲಿನ ಕಾವಲಿನವಳು. ಪಾಳಿ ಬದಲಾದಾಗ, ಬಾಗಿಲು ಎತ್ತುವಾಗ ಯಂತ್ರ ನಮ್ಮ ಹೆಸರು ಕೇಳುತ್ತದೆ. ನಾವು ಬರೀ ನಮ್ಮ ಹೆಸರು ಒತ್ತುವುದಿಲ್ಲ. ಮೂರು ತಲೆಮಾರಿನಿಂದ ಆ ಬಾಗಿಲು ಕಾದು ಸತ್ತ ಮನೆಯವರ ಹೆಸರುಗಳನ್ನೆಲ್ಲ ಒತ್ತಿ, ಕೊನೆಗೆ ನಮ್ಮದು. ಒಂದು ಹೆಸರು ಬಿಟ್ಟವಳಿಗೂ ಈ ಮನೆಯಲ್ಲಿ ಊಟವಿಲ್ಲ ಎಂದು ಅತ್ತೆ ಗದರಿಸುತ್ತಿದ್ದರು.

ಅದೇ ಬಾಗಿಲು ಕಾಯುತ್ತಿದ್ದ ಗಂಡ ಬೊಮ್ಮಯ ಜ್ವರದಲ್ಲಿ ತೀರಿಕೊಂಡ ಮೂರನೆಯ ದಿನ ಪಾಳಿಗೆ ಹೋದೆ. ಸಮುದ್ರ ಇಳಿದ ಹೊತ್ತು, ಎತ್ತಿ ನಿಲ್ಲಿಸಿದ ಬಾಗಿಲಿನ ಅಡಿಯಲ್ಲಿ ಮಗಳು ಗುಲಾಬಿ ಮತ್ತು ಆರು ಮಂದಿ ಅದಕ್ಕೆ ಅಂಟಿದ ಕಡಲ ಚಿಪ್ಪುಗಳನ್ನು ಕೆರೆಯುತ್ತಿದ್ದರು. ಮೊದಲ ಸಲ ಅವನ ಹೆಸರನ್ನೂ ಸೇರಿಸಿ ಒತ್ತಿದೆ. ಯಂತ್ರದ ನೆನಪಿನಲ್ಲಿ ಹೆಸರಿಗೆ ಇದ್ದದ್ದು ಅರವತ್ತನಾಲ್ಕು ಅಕ್ಷರದ ಜಾಗ. ಮಿಕ್ಕದ್ದು ಪಕ್ಕದ ಖಾನೆಗೆ ಚೆಲ್ಲಿ, ಅಲ್ಲಿದ್ದ 'ಎತ್ತಿ ಹಿಡಿ' ಎಂಬ ಆಜ್ಞೆಯನ್ನು ಅಳಿಸಿಹಾಕಿತು. ನಲವತ್ತು ಟನ್ ಉಕ್ಕು ಬಿತ್ತು. ಆರು ಮಂದಿ ಅಲ್ಲೇ ಜಜ್ಜಿಹೋದರು. ಗುಲಾಬಿ ಸೊಂಟದವರೆಗೆ ಸಿಕ್ಕಿಕೊಂಡಿದ್ದಳು. "ಅಮ್ಮಾ, ಎತ್ತೇ" ಎಂದಳು. ಗುಂಡಿ ಒತ್ತಿದೆ, ಮೊಳದಷ್ಟು ಎದ್ದ ಬಾಗಿಲು ಹೆಸರು ಕೇಳಿತು. ಈ ಹಾಳು ಕೈಗೆ ಬಂದದ್ದು ಅದೇ ಸಾಲು, ಗಂಡನ ಹೆಸರೂ ಸೇರಿ. ಬಾಗಿಲು ಮತ್ತೆ ಅವಳ ಮೇಲೆಯೇ ಬಿತ್ತು. ಗೋಡೆಗೆ ಚಿಮ್ಮಿದ ರಕ್ತವನ್ನು ನಾನೇ ತೊಳೆದೆ.

ಸುದ್ದಿ ಹರಡಿತು. ಗಡಿಯಾಚೆಯ ಲೂಟಿಕೋರರು ಒಂದು ಗುಂಡೂ ಹಾರಿಸದೆ, ಸಮುದ್ರ ಉಕ್ಕಿದ ಹೊತ್ತು ನೋಡಿ, ಬೇಕೆಂದೇ ಉದ್ದದ ಹೆಸರೊಂದನ್ನು ದೂರದಿಂದ ಮೂರನೆಯ ಬಾಗಿಲಿಗೆ ಕಳಿಸಿದರು. ಮಿಕ್ಕ ಅಕ್ಷರಗಳಲ್ಲಿ 'ತೆರೆ' ಎಂಬ ಆಜ್ಞೆ ಅಡಗಿತ್ತು. ಸಾವಿರದ ಇನ್ನೂರು ಜನ ಮುಳುಗಿದರು. ಮರದ ಕೊಂಬೆಗಳಿಂದ ಹೆಣ ಇಳಿಸಿದೆವು.

ಆಮೇಲೆ ಒಳಬರಹದ ಹಳೆಯ ಪ್ರತಿ ಬಿಚ್ಚಿ ನೋಡಿದೆವು. ಹೆಸರು ಓದುವ ಸಾಲಿನ ಪಕ್ಕದಲ್ಲಿ ನಿಮ್ಮ ಟಿಪ್ಪಣಿ: "ಉದ್ದ ನೋಡಬೇಕು. ಇಷ್ಟುದ್ದ ಹೆಸರು ಯಾರಿಗಿರುತ್ತೆ? ಆಮೇಲೆ ಮಾಡೋಣ." ಅಂದರೆ ನಿಮಗೆ ಗೊತ್ತಿತ್ತು. ನೀವು ಎದುರಿಗಿದ್ದಿದ್ದರೆ ಕತ್ತು ಹಿಸುಕುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಈಗ ನನ್ನ ಹೆಸರೊಂದನ್ನೇ ಒತ್ತುತ್ತೇನೆ. ಗಂಡನನ್ನೂ ಬಿಟ್ಟಿದ್ದೇನೆ. ಹೆಸರಿನ ಅಳತೆ ನೋಡುವ ಆ ಒಂದು ಸಾಲನ್ನು ಇವತ್ತೇ ಬರೆಯಿರಿ, ಊಟಕ್ಕೆ ಏಳುವ ಮೊದಲು. ನೀವು ಆ ಸಾಲು ಬರೆದರೆ ಈ ಪತ್ರ ನಿಮಗೆ ಸಿಗುವುದಿಲ್ಲ. ನಾನು ಇದನ್ನು ಬರೆದೇ ಇರುವುದಿಲ್ಲ. ಗುಲಾಬಿಗೆ ಗಂಜಿ ಬಡಿಸುತ್ತಿರುತ್ತೇನೆ.