ಮುಳುಗಿದ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು

ಅವ್ವಾ,

ಸಿಮೆಂಟು ಹೆಚ್ಚು ಮಾರಿದ್ದಕ್ಕೆ ಕಂಪನಿಯವರು ನಿನ್ನ ಅಳಿಯಂದಿರನ್ನೂ ನನ್ನನ್ನೂ ಈ ದ್ವೀಪಕ್ಕೆ ಕರೆತಂದಿದ್ದಾರೆ. ಇಲ್ಲಿಯ ರೆಸಾರ್ಟಿನವರು ಹಳೆಯ ವಿಮಾನವೊಂದನ್ನು ಬೇಕೆಂದೇ ಸಮುದ್ರದಲ್ಲಿ ಮುಳುಗಿಸಿದ್ದಾರೆ. ನಮ್ಮಲ್ಲಿ ಮುಳುಗಿಸಿದವರು ತಲೆಮರೆಸಿಕೊಳ್ಳುತ್ತಾರೆ, ಇವರು ಅದನ್ನು ನೋಡಲು ಟಿಕೆಟ್ ಮಾರುತ್ತಾರೆ.

ಕಲಬುರಗಿ ಬಿಟ್ಟಾಗಿನಿಂದ "ನಾ ಮೊದಲ ಇಳೀತೀನಿ, ನೀ ಅಂಜಬ್ಯಾಡ" ಎನ್ನುತ್ತಿದ್ದ ಅಳಿಯಂದಿರು, ದೋಣಿ ಅಲುಗಿದ ಕೂಡಲೇ "ನೀ ಹೋಗಿ ಬಾ, ನಾ ಸಾಮಾನ ಕಾಯ್ತೀನಿ" ಎಂದರು. ಕಾಯಲು ಇದ್ದದ್ದು ಎರಡು ಜೊತೆ ಚಪ್ಪಲಿ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನಾನೇ ಇಳಿದೆ. ಕಮಲಾಪುರದ ಬಾಳೆತೋಟದ ಬಾವಿಯಲ್ಲಿ ಈಜುತ್ತಿದ್ದವಳನ್ನು "ದೊಡ್ಡಾಕಿ ಆಗೀದಿ, ಇನ್ನ ಸಾಕು" ಎಂದು ಜಡೆ ಹಿಡಿದು ಎಳೆದಿದ್ದೆಯಲ್ಲ, ಕಾಲು ಇನ್ನೂ ಮರೆತಿಲ್ಲ.

ವಿಮಾನದೊಳಗೆ ಸೀಟುಗಳು ಹಾಗೇ ಇವೆ, ಮೇಲೆಲ್ಲ ಪಾಚಿ, ನಡುದಾರಿಯಲ್ಲಿ ಮೀನುಗಳ ನೂಕುನುಗ್ಗಲು. ಬಸ್ ಸ್ಟ್ಯಾಂಡಿನಲ್ಲಿ ಅಳಿಯಂದಿರು ಕಿಟಕಿಯಿಂದ ಬೆವರು ಒರೆಸುವ ದಸ್ತಿ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ ದಸ್ತಿಯನ್ನು ಒಯ್ದಿದ್ದೆ. ಕಿಟಕಿ ಪಕ್ಕದ ಸೀಟಿನ ಬೆಲ್ಟಿಗೆ ಗಂಟು ಹಾಕಿ ಬಂದೆ.

ನನ್ನ ಕಿವಿ ಸ್ವಲ್ಪ ನೋಯುತ್ತಿದೆ. ಅವರ ವಾಂತಿ ನಿಂತಿದೆ, ಈಗ ಬೇರೆ ಡೀಲರುಗಳ ಮುಂದೆ ತಾವೇ ಇಳಿದ ಕಥೆ ಹೇಳುತ್ತಿದ್ದಾರೆ. ಊರಿಗೆ ಬಂದು ನಿನಗೂ ಹೇಳುತ್ತಾರೆ. ಪೂರ್ತಿ ಕೇಳಿಸಿಕೋ, ಚಹಾ ಕೊಡು, ಆಮೇಲೆ "ನಿಮ್ಮ ದಸ್ತಿ ಎಲ್ಲಿ ಅದರೀ?" ಎಂದಷ್ಟೇ ಕೇಳು.

ಈ ಕಾರ್ಡನ್ನು ಟಪಾಲು ಡಬ್ಬಿಗೆ ಹಾಕಲು ಅವರ ಕೈಗೇ ಕೊಡುತ್ತಿದ್ದೇನೆ.

ಮಹಾನಂದಾ