ಸಿಕ್ಕಿಕೊಂಡ ಗುಂಡು

ಸಂಡೂರು, ಸೋಮವಾರ

ಗಣಿ ಧಣಿಯವರಿಗೆ ಗೇಟು ಕಾಯುವ ಸುಂಕಪ್ಪನ ನಮಸ್ಕಾರಗಳು.

ನೀವು ಕೊಡಿಸಿದ ಅಗ್ಗದ ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆ ಎಂದು ಮೂರು ಸಲ ಬರೆದೆ. ಉತ್ತರವಿಲ್ಲ. ಶನಿವಾರದ ಗಲಾಟೆ ಕಿವಿಗೆ ಬಿದ್ದ ಮೇಲೆ, "ಛಲೋದು ಕೊಡಸ್ತೀನಿ, ಯಾವ್ದು ಬೇಕು ಹೇಳ್ಲೇ" ಎಂದು ಫೋನ್ ಮಾಡಿದಿರಿ. ಏನು ನಡೆಯಿತು ಎಂದು ಮಾತ್ರ ಕೇಳಲಿಲ್ಲ.

ಧೂಳಿನಿಂದ ಎದೆ ಕೆಟ್ಟಿತೆಂದು ನೀವು ಕೆಲಸ ಬಿಡಿಸಿದ ಪರಶುರಾಮ್, ಅವತ್ತು ಗೇಟು ದಾಟಿ ಓಡಿಬಂದು ಅಂಗಿಯೊಳಗೆ ಕೈ ಹಾಕಿದ. ನಾನು ಹೆದರಿ ಟ್ರಿಗರ್ ಒತ್ತಿದೆ. ಗುಂಡು ಹಾರಲಿಲ್ಲ.

"ಹೊಡೀಬ್ಯಾಡ ಸುಂಕಣ್ಣಾ, ಧಣ್ಯಾರಿಗೆ ತೋರ್ಸಾಕ ಡಾಕ್ಟರ್ ಚೀಟಿ ಐತಿ" ಎಂದು ಕಾಗದ ಹೊರತೆಗೆದ.

ಒಳ್ಳೆಯ ಪಿಸ್ತೂಲಾಗಿದ್ದರೆ ಅವನು ಇವತ್ತು ಬದುಕಿರುತ್ತಿರಲಿಲ್ಲ. ನನಗೆ ಹೊಸದು ಬೇಡ. ಹಳೆಯದನ್ನೂ ಆಫೀಸಿಗೆ ಒಪ್ಪಿಸಿದ್ದೇನೆ. ನನ್ನನ್ನು ಲಾರಿ ತೂಕದ ಕೆಲಸಕ್ಕೆ ಹಾಕಿ. ಪರಶುರಾಮನ ಚೀಟಿ ಇದೇ ಲಕೋಟೆಯಲ್ಲಿದೆ. ಅದನ್ನಾದರೂ ಓದಿ.

ಇಂತಿ,
ಸುಂಕಪ್ಪ