ಬಿಸಿನೀರು ಚೆಲ್ಲುವ ಮುನ್ನ ಹೇಳುವ ಮಾತು

ಮಾನ್ಯ ಶಾಲಾ ಶಿಕ್ಷಣ ನಿರ್ದೇಶಕರೇ,

ನನ್ನ ಏಳು ವರ್ಷದ ಮೊಮ್ಮಗಳು ರಿಸ್ತೀನಾಳನ್ನು ಬರುವ ಸೋಮವಾರ ಮುನ್ನೂರು ಕಿಲೋಮೀಟರ್ ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕೆಂದು ತಮ್ಮ ಕಚೇರಿ ಬರೆದಿದೆ. ಮಗುವಿಗೆ ಇಲ್ಲದವರು ಕಾಣುತ್ತಾರಂತೆ. ತಮ್ಮ ಕಚೇರಿಗೆ ಇರುವವರೇ ಕಾಣುವುದಿಲ್ಲವಲ್ಲ, ಅದಕ್ಕೆ ಯಾವ ಆಸ್ಪತ್ರೆ ಸ್ವಾಮಿ?

ನಡೆದದ್ದು ಇಷ್ಟೇ. ಶಾಲೆಯಲ್ಲಿ ಆಲೂಗಡ್ಡೆ ಬೇಯಿಸಿದ ದಿನ ರಿಸ್ತೀನಾ ಬಿಸಿನೀರಿನ ಪಾತ್ರೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, "ಸ್ವಲ್ಪ ಪಕ್ಕಕ್ಕೆ ಸರ್ಕೊಳ್ರಪ್ಪಾ, ಬಿಸಿನೀರು ಬರ್ತಿದೆ" ಎಂದು ಹಿಮದ ಮೇಲೆ ಚೆಲ್ಲಿದಳು. ದಕ್ಷಿಣದಿಂದ ಹೊಸದಾಗಿ ಬಂದ ಮೇಷ್ಟ್ರು, "ಯಾರಿಗಮ್ಮಾ ಹೇಳಿದ್ದು?" ಎಂದರು.

"ಕೆಳಗಿರೋರಿಗೆ."

ಅಷ್ಟಕ್ಕೇ ಮೇಷ್ಟ್ರ ದೂರು ತಮ್ಮ ಕಚೇರಿ ಮುಟ್ಟಿತು. ನಾವು ಸಾಮಿಗಳು, ಈ ಉತ್ತರದ ಹಿಮನಾಡಿನ ಮೂಲ ಜನ; ನೆಲದಡಿ ಕಣ್ಣಿಗೆ ಕಾಣದೆ ಬಾಳುವವರಿಗೆ ತಿಳಿಸದೆ ಬಿಸಿನೀರು ಚೆಲ್ಲುವ ಮನೆ ನಮ್ಮ ಕಣಿವೆಯಲ್ಲಿಲ್ಲ. ಇದನ್ನು ಅವಳಿಗೆ ಕಲಿಸಿದವಳು ಅವಳ ಅಜ್ಜಿ, ನನ್ನ ಹೆಂಡತಿ ರಾವ್ನಾ. ಮೂವತ್ತೊಂದು ವರ್ಷ ಇಲ್ಲಿನ ಶಾಲೆಗಳಿಗೆ ಮನಃಶಾಸ್ತ್ರಜ್ಞೆಯಾಗಿದ್ದವಳು. ಯಾವ ಮಗುವನ್ನು ನೋಡಲು ಹೋದರೂ ಮೊದಲು ಮನೆಯವರ ಜೊತೆ ಎರಡು ಕಪ್ ಕಾಫಿ, ನಮ್ಮ ಭಾಷೆಯಲ್ಲಿ ಊರ ಮಾತು, ಆಮೇಲೆ ಫೈಲು. "ಫೈಲು ಎಲ್ಲೂ ಓಡಿಹೋಗಲ್ಲ, ಮಗು ಓಡಿಹೋಗತ್ತೆ" ಎನ್ನುತ್ತಿದ್ದಳು. ನನ್ನನ್ನು ನೋಡಿ, "ನೀನು ಪರೀಕ್ಷೆಗೆ ಕೂತ್ರೆ ಬಾಯೇ ಬಿಡಲ್ಲ ಮಾರಾಯ, ದಡ್ಡ ಅಂತ ಬರ್ಕೋತಾರೆ" ಎಂದು ನಗುತ್ತಿದ್ದಳು. ಎರಡು ಚಳಿಗಾಲದ ಹಿಂದೆ ತೀರಿಕೊಂಡಳು. ತಾವು ಅವಳ ಹುದ್ದೆಯನ್ನೂ ಜೊತೆಗೇ ಮಣ್ಣು ಮಾಡಿದಿರಿ. ತಮ್ಮ ಕೈಪಿಡಿಯಲ್ಲಿ ಮಾತ್ರ ಪುಟಕ್ಕೊಂದು 'ಇನ್‌ಕ್ಲೂಸಿವ್' ಇದೆ. ಕಾಲೇಜಿನಲ್ಲಿ ಕಲಿತ ನೆನಪು: ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವುದು ಎಂದಿರಬೇಕು. ಆಸ್ಪತ್ರೆಯೊಳಗೆ ಎಂದು ನಮಗೆ ಕಲಿಸಿರಲಿಲ್ಲ.

ಈಗ ಅವಳ ಬದಲು ರಾಜಧಾನಿಯಿಂದ ಒಬ್ಬ ಮನಃಶಾಸ್ತ್ರಜ್ಞ ಮಹನೀಯರು ಕಂಪ್ಯೂಟರ್ ಪರದೆಯ ಮೇಲೆ ನಲವತ್ತು ನಿಮಿಷ ಬರುತ್ತಾರೆ. ನನ್ನನ್ನೂ ಕೂರಿಸಿದ್ದರು.

"ಅಜ್ಜಾವ್ರೇ, ನೀವು ಆ ಕೆಳಗಿರೋರನ್ನ ನೋಡಿದೀರಾ?"

"ಇಲ್ಲ ಸಾರ್."

"ದನಿ ಕೇಳಿದೀರಾ?"

"ಅದೂ ಇಲ್ಲ."

"ಸರಿ, ಅಷ್ಟು ಸಾಕು."

ನಾನು ನಿಜ ಹೇಳಿದೆ. ವರದಿಯಲ್ಲಿ ಬಂತು: 'ಕುಟುಂಬದಲ್ಲಿ ಬೇರೆ ಯಾರಿಗೂ ಇಂಥ ಅನುಭವವಿಲ್ಲವೆಂದು ಅಜ್ಜ ದೃಢಪಡಿಸಿದ್ದಾರೆ.' ಸ್ವಾಮಿ, ಕಾಣದವರಿಗೆ ತಾನೇ ಎಚ್ಚರಿಕೆ ಹೇಳಬೇಕು? ಕಂಡಿದ್ದರೆ ಕೈಹಿಡಿದು ಪಕ್ಕಕ್ಕೆ ಎಳೆಯುತ್ತಿರಲಿಲ್ಲವೇ? ಈ ಮಾತು ನನಗೆ ಹೊಳೆದದ್ದು ಮನೆಯ ದಾರಿಯಲ್ಲಿ. ರಾವ್ನಾ ಇದ್ದಿದ್ದರೆ ಅಲ್ಲೇ ಹೇಳುತ್ತಿದ್ದಳು. 'ನಿನಗೆ ಅವರು ಕಾಣುತ್ತಾರಾ?' ಎಂದು ರಿಸ್ತೀನಾಳನ್ನು ಅವಳ ಭಾಷೆಯಲ್ಲಿ ಯಾರೂ ಕೇಳಲೇ ಇಲ್ಲ. ನನ್ನ ಮಗಳು, ಅವಳ ತಾಯಿ, ಒಪ್ಪದಿದ್ದರೆ ಮಗುವನ್ನೇ ಕಿತ್ತುಕೊಂಡಾರು ಎಂದು ಹೆದರಿ ಸಹಿ ಹಾಕಿದಳು.

ಸೋಮವಾರದೊಳಗೆ ನಮ್ಮ ಭಾಷೆ ಬಲ್ಲ ಒಬ್ಬರನ್ನು ಕಳಿಸಿ. ಅದಾಗದಿದ್ದರೆ ಒಂದು ಪ್ರಶ್ನೆಗಾದರೂ ಲಿಖಿತ ಉತ್ತರ ಕೊಡಿ. ಆಸ್ಪತ್ರೆಗೆಂದು ಬಟ್ಟೆ ಜೋಡಿಸುವಾಗ ರಿಸ್ತೀನಾ ಕೇಳಿದ್ದು:

"ಅಜ್ಜಾ, ಅಜ್ಜಿಗೂ ಇದೇ ಕಾಯಿಲೆ ಇತ್ತಾ?"

ಇಂತಿ,
ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೆಟ್ಟ
ಇಸ್ಸಾತ್, ರಾವ್ನಾಳ ಗಂಡ